ಕೋಲಾರದ ಕೆರೆಯಂಗಳದ ಜೇಕುಗಳು: ಕೀಳುವುದರಿಂದ ಹರ್ಬೇರಿಯಂ ಹಾಳೆಯವರೆಗೆ

ಜೇಕಿನ ಕುಟುಂಬದ ಗಿಡಗಳನ್ನು ಗುರುತಿಸುವುದು ಕಷ್ಟ ಎಂಬ ಮಾತು ಅರ್ಧ ಮಾತ್ರ ನಿಜ. ಅರೆಬರೆ ಕಿತ್ತು ತಂದ ಜೇಕನ್ನು ಎಂಥ ತಜ್ಞರೂ ಗುರುತಿಸಲಾರರು. ಸರಿಯಾಗಿ ಕಿತ್ತು ತಂದದ್ದನ್ನು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಇರುವ ಯಾರು ಬೇಕಾದರೂ ಕುಲದ ಮಟ್ಟಕ್ಕೆ, ಸ್ವಲ್ಪ ತಾಳ್ಮೆ ಇದ್ದರೆ ಪ್ರಭೇದದ ಮಟ್ಟಕ್ಕೂ ಒಯ್ಯಬಹುದು. ಮಾದರಿ ಕೆಡುವುದು ಮುಖ್ಯವಾಗಿ ಎರಡು ಕಾರಣಕ್ಕೆ: ಬುಡ ಇಲ್ಲದೆ ಮೇಲಿನ ತೆನೆಯನ್ನಷ್ಟೇ ಚಿವುಟಿ ತರುವುದು, ಕಾಳು ಬಲಿಯುವ ಮೊದಲೇ ಕೀಳುವುದು. ಈ ಬರಹದ ಬಹುಪಾಲು ಈ ಎರಡರ ಸುತ್ತಲೇ ಇದೆ.

ಜೇಕಿನ ಕುಟುಂಬವಾದ ಸೈಪರೇಸಿಯಲ್ಲಿ ಜಗತ್ತಿನಾದ್ಯಂತ ಸುಮಾರು 5,500 ಪ್ರಭೇದಗಳಿವೆ. ಹೂಬಿಡುವ ಸಸ್ಯಗಳ ದೊಡ್ಡ ಕುಟುಂಬಗಳ ಸಾಲಿನಲ್ಲಿ ನಿಲ್ಲುವ ಇದನ್ನು ನಮ್ಮಲ್ಲಿ ಹೆಚ್ಚಿನವರು 'ಕಳೆ' ಎಂಬ ಒಂದೇ ಲೆಕ್ಕಕ್ಕೆ ಸೇರಿಸಿ ಮುಗಿಸುತ್ತಾರೆ. ಕೋಲಾರದಂಥ ಕೆರೆಗಳ ಸೀಮೆಯಲ್ಲಿ ಸಸ್ಯವೈವಿಧ್ಯ ದಾಖಲಿಸಲು ಹೊರಟವರಿಗೆ ಇದಕ್ಕಿಂತ ಒಳ್ಳೆಯ ಆರಂಭ ಇಲ್ಲ. ಮರ ಹತ್ತಬೇಕಿಲ್ಲ, ಗಿಡ ಪೂರ್ತಿಯಾಗಿ ಒಂದೇ ಹಾಳೆಯಲ್ಲಿ ಹಿಡಿಯುತ್ತದೆ, ಬೇಗ ಒಣಗುತ್ತದೆ, ಒಣಗಿದ ಮೇಲೂ ಲಕ್ಷಣಗಳು ಹಾಗೇ ಉಳಿಯುತ್ತವೆ.

ಎಲ್ಲಿ ಹುಡುಕಬೇಕು, ಯಾವಾಗ

ಒಂದು ಕೆರೆಯನ್ನು ಒಂದೇ ಜಾಗ ಎಂದು ಎಣಿಸಬೇಡಿ. ನೀರಂಚಿನಿಂದ ಹೊರಕ್ಕೆ ನಡೆದಂತೆ ಜೇಕುಗಳು ಪಟ್ಟಿಪಟ್ಟಿಯಾಗಿ ಬದಲಾಗುತ್ತವೆ. ಮೊಣಕಾಲುದ್ದ ನೀರಿನಲ್ಲಿ ಎಲೆಯೇ ಇಲ್ಲದ ದಂಟುಗಳ ಎಲಿಯೋಕ್ಯಾರಿಸ್ ಮತ್ತು ಸ್ಕೀನೋಪ್ಲೆಕ್ಟಿಯೆಲ್ಲಾ. ಅಂಚಿನ ಕೆಸರಿನಲ್ಲಿ ಎತ್ತರದ ಸೈಪರಸ್‌ಗಳು. ಈಗಷ್ಟೇ ನೀರು ಬಿಟ್ಟುಕೊಟ್ಟ ಅಂಗಳದಲ್ಲಿ ಒಂದೇ ವರ್ಷ ಬಾಳುವ ಬೆರಳೆತ್ತರದ ಗಿಡಗಳು. ಒಣಗಿದ ಮೇಲ್ಭಾಗದಲ್ಲಿ ಫಿಂಬ್ರಿಸ್ಟೈಲಿಸ್. ಕೋಡಿಯ ಕೆಳಗಿನ ಜೌಗು, ತೂಬಿನ ಕಾಲುವೆ, ಅಚ್ಚುಕಟ್ಟಿನ ಭತ್ತದ ಗದ್ದೆ ಮತ್ತು ಬದು, ಏರಿಯ ಹೊರಮೈ, ಇವೆಲ್ಲ ಬೇರೆ ಬೇರೆ ಜಾಗಗಳು. ಪ್ರತಿಯೊಂದಕ್ಕೂ ಪ್ರತ್ಯೇಕ ಪಟ್ಟಿ ಇಡಿ.

ಕೆರೆ ಬಿಟ್ಟರೆ ಎರಡನೆಯ ಮುಖ್ಯ ಜಾಗ ಬಂಡೆ. ಅಂತರಗಂಗೆಯಂಥ ಬೆಟ್ಟಗಳ ಹಾಸುಬಂಡೆಯ ಮೇಲೆ ಒಂದೆರಡು ಅಂಗುಲ ಮಣ್ಣು ನಿಂತ ಕಡೆ, ಮಳೆನೀರಿನ ದೊಣೆಗಳ ಸುತ್ತ, ಬಲ್ಬೊಸ್ಟೈಲಿಸ್ ಬಾರ್ಬೇಟಾದಂಥ ಕೂದಲೆಳೆಯ ಎಲೆಯ ಗಿಡಗಳು ಮಳೆಗಾಲದಲ್ಲಿ ಎದ್ದು, ಕಾಳು ಉದುರಿಸಿ, ಮಣ್ಣು ಒಣಗುವ ಮೊದಲೇ ಮುಗಿದುಹೋಗುತ್ತವೆ. ಇವನ್ನು ತಪ್ಪಿಸಿಕೊಂಡರೆ ಮುಂದಿನ ವರ್ಷದವರೆಗೆ ಕಾಯಬೇಕು.

ಈ ಭಾಗಕ್ಕೆ ಮಳೆಯ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಹಾಗಾಗಿ ಬಂಡೆ ಮತ್ತು ಗೋಮಾಳದ ಗಿಡಗಳಿಗೆ ಉತ್ತರೆ, ಹಸ್ತೆ ಮಳೆಯ ಹೊತ್ತು ಸರಿ. ಕೆರೆಯಂಗಳಕ್ಕೆ ಸ್ವಾತಿ ಕಳೆದು ನೀರು ಹಿಂದೆ ಸರಿಯತೊಡಗಿದ ಮೇಲೆ, ನವೆಂಬರ್‌ನಿಂದ ಜನವರಿಯವರೆಗೆ. ಆಳದ ಕೆರೆಗಳಿಗೆ ಮತ್ತೊಮ್ಮೆ ಫೆಬ್ರವರಿ, ಮಾರ್ಚ್‌ನಲ್ಲಿ ಹೋಗಿ. ಕೆಳಪಟ್ಟಿಯ ಗಿಡಗಳು ಆಗ ಕಾಲಿಗೆ ಎಟಕುತ್ತವೆ.

2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿತ ನೀರು ಜಿಲ್ಲೆಯ ಹಲವು ಕೆರೆಗಳಿಗೆ ಬರುತ್ತಿದೆ. ಬೇಸಿಗೆಯಲ್ಲೂ ತುಂಬಿಯೇ ಇರುವ ಕೆರೆಯಲ್ಲಿ ನೀರಂಚು ಹಿಂದೆ ಸರಿಯುವುದೇ ಕಡಿಮೆ. ಒಣಗುವ ಕೆಸರನ್ನೇ ನಂಬಿದ ಪುಟ್ಟ ಜೇಕುಗಳಿಗೆ ಅಲ್ಲಿ ಮೊಳೆಯಲು ಜಾಗ ಸಿಗುವುದಿಲ್ಲ, ಜೊಂಡು ಅಂಚನ್ನು ಆವರಿಸುತ್ತದೆ. ಮಳೆಯನ್ನೇ ನಂಬಿದ ಒಂದು ಕೆರೆ, ಪೈಪಿನ ನೀರು ಬರುವ ಒಂದು ಕೆರೆ, ಎರಡನ್ನೂ ಜೊತೆಗೆ ಆರಿಸಿಕೊಂಡರೆ ನಿಮ್ಮ ದಾಖಲೆಯ ಬೆಲೆ ಇಮ್ಮಡಿಯಾಗುತ್ತದೆ. ಯಾವ ಕೆರೆಗೆ ಯಾವ ನೀರು ಎಂಬುದನ್ನು ಪುಸ್ತಕದಲ್ಲಿ ಬರೆಯಲು ಮರೆಯಬೇಡಿ.

ಅನುಮತಿಯ ವಿಷಯ ಚಿಕ್ಕದು, ಆದರೆ ಮೊದಲೇ ಮುಗಿಸಿಕೊಳ್ಳಬೇಕಾದದ್ದು. ಮೀಸಲು ಅರಣ್ಯದೊಳಗೆ ಒಂದು ಹುಲ್ಲುಕಡ್ಡಿ ಕೀಳಲೂ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಬೆಟ್ಟದಲ್ಲಿ ಅರಣ್ಯದ ಗಡಿ ಎಲ್ಲಿ ಶುರುವಾಗುತ್ತದೆ ಎಂದು ಮುಂಚೆಯೇ ವಿಚಾರಿಸಿ. ಊರ ಕೆರೆಗೆ ಗ್ರಾಮ ಪಂಚಾಯಿತಿಗೆ ತಿಳಿಸಿ ಹೋಗಿ. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ನಿಮ್ಮ ಪಟ್ಟಿಯ ಒಂದು ಪ್ರತಿ ಅವರ ಜನತಾ ಜೀವವೈವಿಧ್ಯ ದಾಖಲಾತಿಗೆ ಹೋಗಲಿ.

ಚೀಲದಲ್ಲಿ ಇರಬೇಕಾದದ್ದು

ಅಗೆಯಲು ಗಟ್ಟಿ ಹಿಡಿಯ ಕಳೆಗುದ್ದಲಿ ಅಥವಾ ಚಿಕ್ಕ ಗಡಾರಿ. ಒಣಗಿದ ಕೆರೆಮಣ್ಣು ಕಲ್ಲಿನಂತಿರುತ್ತದೆ, ಕೈತೋಟದ ಪ್ಲಾಸ್ಟಿಕ್ ಹಿಡಿಯ ಕರಣೆ ಮುರಿಯುತ್ತದೆ. 10 ಪಟ್ಟಿನ ಮಸೂರ ಕೊರಳಿಗೆ, 20 ಪಟ್ಟಿನದು ಜೇಬಿಗೆ. ದೊಡ್ಡ ಪ್ಲಾಸ್ಟಿಕ್ ಚೀಲಗಳು, ನೂಲು ಕಟ್ಟಿದ ಚೀಟಿಗಳು, ಹಾರ್ಡ್‌ಬೌಂಡ್ ನೋಟ್‌ಬುಕ್, ಸೀಸದ ಕಡ್ಡಿ. ಪೆನ್ನು ಬೇಡ, ಕೆಸರುನೀರು ತಾಗಿದರೆ ಶಾಯಿ ಹರಡುತ್ತದೆ. ಮಿಲಿಮೀಟರ್ ಸ್ಕೇಲು, ಹಳೆಯ ದಿನಪತ್ರಿಕೆಗಳ ಕಟ್ಟು. ಒತ್ತುಪಟ್ಟಿಗೆ ಸುಮಾರು 30×45 ಸೆಂ.ಮೀ. ಅಳತೆಯ ಎರಡು ಪ್ಲೈವುಡ್ ಹಲಗೆ, ಎರಡು ಬೆಲ್ಟು. ಅಂಗಡಿಯಲ್ಲಿ ಸಿಗುವ ಸುಕ್ಕುಗಟ್ಟಿದ ರಟ್ಟನ್ನು ಅದೇ ಅಳತೆಗೆ ಕತ್ತರಿಸಿ ಇಟ್ಟುಕೊಳ್ಳಿ. ರಟ್ಟಿನ ಕೊಳವೆಗಳು ಅಗಲದ ದಿಕ್ಕಿಗೆ ಇರಲಿ, ಗಾಳಿ ಹತ್ತಿರದ ದಾರಿಯಲ್ಲಿ ಹೊರಹೋಗುತ್ತದೆ.

ಒಂದು ಎಚ್ಚರಿಕೆ: ಇಟ್ಟಿಗೆಗೂ ಹೊಲಕ್ಕೂ ಮಣ್ಣು ತೆಗೆದ ಗುಂಡಿಗಳು ಕೆರೆಯಂಗಳದಲ್ಲಿ ನೀರಿನ ಕೆಳಗೆ ಅಡಗಿರುತ್ತವೆ. ಮೊಣಕಾಲುದ್ದ ನೀರು ಮುಂದಿನ ಹೆಜ್ಜೆಗೆ ಆಳೆತ್ತರವಾಗಬಹುದು. ಉದ್ದ ಕೋಲಿನಿಂದ ತಳ ಮುಟ್ಟಿ ನೋಡದೆ ಇಳಿಯಬೇಡಿ, ಒಬ್ಬರೇ ಹೋಗಬೇಡಿ.

ಇದು ಜೇಕೇ ಹೌದೇ

ದಂಟನ್ನು ಬೆರಳುಗಳ ನಡುವೆ ಹೊರಳಿಸಿ. ಮೂರು ಏಣು ತಾಗಿದರೆ ಹೆಚ್ಚಿನ ಸಲ ಜೇಕು. ಆದರೆ ಇದೊಂದನ್ನೇ ನಂಬುವುದು ಅಪಾಯ. ಎಲಿಯೋಕ್ಯಾರಿಸ್‌ನ ಹಲವು ಪ್ರಭೇದಗಳ ದಂಟು ದುಂಡಗೇ ಇರುತ್ತದೆ. ಆದ್ದರಿಂದ ಇನ್ನೂ ಮೂರು ಕಡೆ ನೋಡಿ. ಹುಲ್ಲಿನ ಎಲೆಗಳು ದಂಟಿನ ಎರಡು ಬದಿಗೆ ಎರಡು ಸಾಲಾಗಿ ಬಂದರೆ ಜೇಕಿನವು ಮೂರು ಸಾಲಾಗಿ ಬರುತ್ತವೆ. ಎಲೆಯ ಬುಡ ದಂಟನ್ನು ಸುತ್ತುವ ಒರೆ ಹುಲ್ಲಿನಲ್ಲಿ ಒಂದು ಕಡೆ ಸೀಳಿರುತ್ತದೆ, ಉಗುರಿನಿಂದ ಬಿಡಿಸಬಹುದು. ಜೇಕಿನಲ್ಲಿ ಕೊಳವೆಯಂತೆ ಮುಚ್ಚಿರುತ್ತದೆ, ಹರಿಯದೆ ಬಿಚ್ಚಲು ಬರುವುದಿಲ್ಲ. ಮೂರನೆಯದು ಹೂವು: ಹುಲ್ಲಿನ ಪ್ರತಿ ಹೂವನ್ನು ಎರಡು ಹೊಟ್ಟು ಅಪ್ಪಿಕೊಂಡಿದ್ದರೆ ಜೇಕಿನ ಹೂವಿಗೆ ಒಂದೇ. ಗ್ಲೂಮ್ ಎಂಬ ಈ ಪುಟ್ಟ ಹೊಟ್ಟಿನ ಬುಡದಲ್ಲಿ ಒಂದರಿಂದ ಮೂರು ಕೇಸರ, ಒಂದು ಅಂಡಾಶಯ, ಅಷ್ಟೇ.

ಜೊಂಡು ಬೇರೆ ಕುಟುಂಬದ್ದು, ಕಂದು ಬತ್ತಿಯಂಥ ತೆನೆಯಿಂದ ದೂರದಿಂದಲೇ ಗೊತ್ತಾಗುತ್ತದೆ. ಹೊಸಬರಿಗೆ ಹೆಚ್ಚು ಗೊಂದಲ ತರುವುದು ಎರಿಯೊಕಾಲನ್. ಅದರಲ್ಲಿ ಬೂದು ಬಿಳಿ ಗುಂಡಿಯಂಥ ಹೂಮಂಡೆ ಬರಿಯ ಕಡ್ಡಿಯ ತುದಿಗೆ ಕೂರುತ್ತದೆ, ಅದರ ಕೆಳಗೆ ಜೇಕಿನ ಹಾಗೆ ಉದ್ದನೆಯ ಹಸಿರೆಲೆಗಳು ಚಾಚಿರುವುದಿಲ್ಲ.

ಕೀಳುವ ಕ್ರಮ

ಮೊದಲು ಕಾಳು ನೋಡಿ, ಆಮೇಲೆ ಗುದ್ದಲಿ ಎತ್ತಿ. ತೆನೆಯಲ್ಲಿ ಒಂದು ಕಿರುತೆನೆಯ ಕೆಳಗಿನ ಮೂರನೇ ಒಂದು ಭಾಗದಿಂದ ಎರಡು ಗ್ಲೂಮ್ ಬಿಡಿಸಿ. ಸೈಪರಸ್‌ನಲ್ಲಿ ಕೆಳಗಿನ ಹೂವು ಮೊದಲು ಅರಳಿ ಮೊದಲು ಬಲಿಯುತ್ತದೆ; ತುದಿ ಇನ್ನೂ ಹಸಿರಿದ್ದಾಗ ಬುಡದಲ್ಲಿ ಕಾಳು ಗಟ್ಟಿಯಾಗಿರುತ್ತದೆ. ಉಗುರಿಗೆ ಒಡೆಯದ, ಬಣ್ಣ ತಿರುಗಿದ ಕಾಳು ಸಿಕ್ಕರೆ ಕೀಳಿ. ಹಾಲು ಬಂದರೆ ಇನ್ನೊಂದು ಬುಡ ನೋಡಿ. ಪೂರ್ತಿ ಕಂದಾದ ತೆನೆಯೂ ಕೆಲಸಕ್ಕೆ ಬಾರದು, ಚೀಲದಲ್ಲೇ ಉದುರಿಹೋಗುತ್ತದೆ.

ಅಗೆಯುವಾಗ ದಂಟಿನಿಂದ ಒಂದು ಗೇಣು ದೂರದಲ್ಲಿ ಸುತ್ತ ಕಡಿದು ಮಣ್ಣಿನ ಹೆಂಟೆ ಸಮೇತ ಎತ್ತಿ, ನೀರಿನಲ್ಲಿ ಅಲುಗಿಸಿ ಮಣ್ಣು ಬಿಡಿಸಿ. ಎಳೆದರೆ ಕೊನ್ನಾರಿಯ ಗಡ್ಡೆ ಮಣ್ಣಿನಲ್ಲೇ ಉಳಿಯುತ್ತದೆ, ಗಡ್ಡೆ ಇಲ್ಲದ ಕೊನ್ನಾರಿಯನ್ನು ಅದರ ಹತ್ತಿರದ ನಂಟನಿಂದ ಬೇರ್ಪಡಿಸುವುದು ಕಷ್ಟ. ಸೈಪರಸ್ ರೊಟಂಡಸ್, ಅಂದರೆ ಕೊನ್ನಾರಿಯಲ್ಲಿ, ಗಡ್ಡೆಗಳು ನೆಲದೊಳಗಿನ ಕಾಂಡದ ಉದ್ದಕ್ಕೂ ಸರದಂತೆ ಪೋಣಿಸಿರುತ್ತವೆ, ಮುರಿದರೆ ಘಮ ಬರುತ್ತದೆ, ಕಿರುತೆನೆ ಕೆಂಗಂದು. ಸೈಪರಸ್ ಎಸ್ಕ್ಯುಲೆಂಟಸ್‌ನಲ್ಲಿ ಪ್ರತಿ ಕಾಂಡದ ತುದಿಗೆ ಒಂದೇ ಗಡ್ಡೆ, ಕಿರುತೆನೆ ಒಣಹುಲ್ಲಿನ ಹಳದಿ. ಸ್ಕೀನೋಪ್ಲೆಕ್ಟಿಯೆಲ್ಲಾದ ಕೆಲವು ಪ್ರಭೇದಗಳಲ್ಲಿ ಬುಡದ ಒರೆಯೊಳಗೆ ಇನ್ನೊಂದು ಬಗೆಯ ಹೆಣ್ಣು ಹೂಗಳು ಅಡಗಿರುತ್ತವೆ. ಚಿವುಟಿ ತಂದವರಿಗೆ ಅವು ಇವೆ ಎಂಬುದೇ ತಿಳಿಯುವುದಿಲ್ಲ.

ಒಂದೇ ಬಗೆಯ ಗಿಡಗಳಿಂದ ಮೂರು ಹಾಳೆಗೆ ಆಗುವಷ್ಟು ತೆಗೆದುಕೊಳ್ಳಿ: ಒಂದು ನಿಮಗೆ, ಒಂದು ದೊಡ್ಡ ಹರ್ಬೇರಿಯಂಗೆ (ಒಣಗಿಸಿದ ಗಿಡಗಳ ಸಂಗ್ರಹಾಲಯಕ್ಕೆ), ಒಂದು ತಜ್ಞರಿಗೆ. ಬೆರಳೆತ್ತರದ ಗಿಡವಾದರೆ ಹಾಳೆಗೆ ಹತ್ತು ಹನ್ನೆರಡು ಬೇಕು. ಇಲ್ಲೇ ದೊಡ್ಡ ಬಲೆ ಇರುವುದು. ಒಂದು ಹಿಡಿ ಪುಟ್ಟ ಜೇಕು ಕಿತ್ತರೆ ಅದರಲ್ಲಿ ಎರಡು ಮೂರು ಪ್ರಭೇದ ಕಲೆತಿರುವುದು ಸಾಮಾನ್ಯ. ಬಲ್ಬೊಸ್ಟೈಲಿಸ್ ಮತ್ತು ಫಿಂಬ್ರಿಸ್ಟೈಲಿಸ್ ಒಂದೇ ಬಂಡೆಯ ಮೇಲೆ ಬೇರು ಹೆಣೆದುಕೊಂಡು ಬೆಳೆಯುತ್ತವೆ. ಒಂದೊಂದು ಗಿಡವನ್ನೂ ಮಸೂರದಲ್ಲಿ ನೋಡಿ ಬೇರ್ಪಡಿಸಿದ ಮೇಲೆಯೇ ಸಂಖ್ಯೆ ಕೊಡಿ. ಕಲಬೆರಕೆ ಹಾಳೆಯೊಂದು ಮುಂದೆ ಹತ್ತು ತಪ್ಪು ಗುರುತುಗಳನ್ನು ಹುಟ್ಟಿಸುತ್ತದೆ. ಇಪ್ಪತ್ತಕ್ಕಿಂತ ಕಡಿಮೆ ಗಿಡ ಇರುವ ಕಡೆ ಒಂದನ್ನು ಮಾತ್ರ ತೆಗೆಯಿರಿ, ಉಳಿದದ್ದಕ್ಕೆ ಫೋಟೋ ಸಾಕು.

ಫೋಟೋದ ಕ್ರಮ ಹೀಗಿರಲಿ: ಮೊದಲು ಚೀಟಿಯ ಸಂಖ್ಯೆ, ಆಮೇಲೆ ಜಾಗ, ಇಡೀ ಗಿಡ, ತೊಳೆದ ಬುಡ, ಕೆಳಗಿನ ಎಲೆಗಳೂ ಕಾಣುವಂತೆ ಹೂಗೊಂಚಲು, ಸ್ಕೇಲಿನ ಪಕ್ಕ ಒಂದು ಕಿರುತೆನೆ. ಬಿಸಿಲಿನಲ್ಲಿ ಕಿರುತೆನೆಯ ಬಣ್ಣ ಸುಟ್ಟು ಬಿಳಿಚಾಗಿ ಬರುತ್ತದೆ, ಕೊಡೆಯ ನೆರಳು ಹಿಡಿಯಿರಿ.

ಸಂಖ್ಯೆಯ ವಿಷಯದಲ್ಲಿ ರಾಜಿ ಬೇಡ. ಜೀವನದ ಮೊದಲ ಮಾದರಿ 1, ಅಲ್ಲಿಂದ ಮುಂದೆ ಸಾಲಾಗಿ. ಕೆರೆ ಬದಲಾಯಿತೆಂದು, ವರ್ಷ ಬದಲಾಯಿತೆಂದು ಮತ್ತೆ 1ರಿಂದ ಶುರು ಮಾಡಿದರೆ ಹತ್ತು ವರ್ಷದ ನಂತರ ಯಾವ 1 ಯಾವುದು ಎಂದು ನಿಮಗೇ ಗೊತ್ತಾಗುವುದಿಲ್ಲ.

ನೋಟ್‌ಬುಕ್ಕಿನಲ್ಲಿ ಗಿಡ ಒಣಗಿದ ಮೇಲೆ ಕಾಣದೆ ಹೋಗುವುದನ್ನು ಮೊದಲು ಬರೆಯಿರಿ: ಎತ್ತರ, ಗುಂಪಾಗಿ ಬೆಳೆದಿದೆಯೋ ಹರಡಿದೆಯೋ, ಗ್ಲೂಮ್ ಮತ್ತು ಪರಾಗಕೋಶದ ಬಣ್ಣ, ಬೇರಿನ ಬಣ್ಣ, ಗಡ್ಡೆಯ ವಾಸನೆ. ನಂತರ ನೀರಿನ ಆಳ, ಮಣ್ಣು, ಜೊತೆಯ ಗಿಡಗಳು, ಎಷ್ಟು ಹೇರಳ. ಕೊನೆಗೆ ಊರು, ಹೋಬಳಿ, ತಾಲ್ಲೂಕು, ಜಿಪಿಎಸ್ ಅಂಕಿ, ದಿನಾಂಕ. ಗದ್ದೆಯಲ್ಲಿ ಕಳೆ ಕೀಳುವ ಹೆಂಗಸರು ಸಿಕ್ಕರೆ ಗಿಡ ಕೈಗೆ ಕೊಟ್ಟು 'ಅಮ್ಮಾ, ಇದಕ್ಕೆ ಏನಂತೀರಿ?' ಎಂದು ಕೇಳಿ; ನೀವೇ ಹೆಸರು ಹೇಳಿ 'ಹೌದಾ' ಎಂದು ಕೇಳಿದರೆ ಹೌದು ಎಂದುಬಿಡುತ್ತಾರೆ. ಗಡಿ ಜಿಲ್ಲೆಯಾದ್ದರಿಂದ ಒಂದೇ ಊರಿನಲ್ಲಿ ಕನ್ನಡದ ಹೆಸರೂ ತೆಲುಗಿನ ಹೆಸರೂ ಸಿಗುತ್ತವೆ, ಯಾವ ಭಾಷೆಯದು ಎಂದು ಗುರುತು ಹಾಕಿ.

ಒತ್ತುವುದು, ಒಣಗಿಸುವುದು

ಅದೇ ಸಂಜೆ ಒತ್ತಿ. ರಾತ್ರಿಯಿಡೀ ಚೀಲದಲ್ಲಿಟ್ಟರೆ ಕಿರುತೆನೆಗಳು ಬೆಂದಂತಾಗಿ ಉದುರುತ್ತವೆ. 40 ಸೆಂ.ಮೀ.ಗಿಂತ ಉದ್ದದ ಗಿಡವನ್ನು ಇಂಗ್ಲಿಷಿನ ವಿ, ಎನ್ ಅಥವಾ ಡಬ್ಲ್ಯೂ ಆಕಾರಕ್ಕೆ ಮಡಿಸಿ. ದಂಟು ಚಿಮ್ಮಿ ಬಿಚ್ಚಿಕೊಳ್ಳದಂತೆ ಮಡಿಕೆಯ ಮೂಲೆಗೆ ಸೀಳಿದ ರಟ್ಟಿನ ತುಂಡು ತೊಡಿಸಿ. ಆಳೆತ್ತರ ಬೆಳೆಯುವ ಸೈಪರಸ್ ಎಕ್ಸಾಲ್ಟೇಟಸ್‌ನಂಥದ್ದನ್ನು ಬುಡ, ನಡುದಂಟು, ಹೂಗೊಂಚಲು ಎಂದು ಮೂರು ತುಂಡು ಮಾಡಿ, ಮೂರಕ್ಕೂ ಅದೇ ಸಂಖ್ಯೆ ಕಟ್ಟಿ. ಹೂಗೊಂಚಲ ಕೆಳಗಿನ ಉದ್ದ ಎಲೆಗಳನ್ನು ಕತ್ತರಿಸಬೇಡಿ, ಅವುಗಳ ಸಂಖ್ಯೆಯೂ ಉದ್ದವೂ ಗುರುತಿಗೆ ಬೇಕು, ಮಡಿಸಿ. ದಪ್ಪ ಗಡ್ಡೆಯನ್ನು ಉದ್ದಕ್ಕೆ ಸೀಳಿ.

ಕಾಗದದ ಮಡಿಕೆ, ಹೀರುಕಾಗದ, ರಟ್ಟು, ಮತ್ತೆ ಅದೇ ಕ್ರಮ. ಬೆಲ್ಟನ್ನು ಮೊಣಕಾಲೂರಿ ಬಿಗಿಯಿರಿ. ಮೊದಲ ಮೂರು ದಿನ ಕಾಗದ ದಿನಕ್ಕೊಮ್ಮೆ, ಜಡಿಮಳೆಯಲ್ಲಿ ಎರಡು ಸಲ ಬದಲಾಯಿಸಿ. ಮೊದಲ ಬದಲಾವಣೆಯಲ್ಲಿ ಗಿಡ ಇನ್ನೂ ಮೆತ್ತಗಿರುತ್ತದೆ, ಎಲೆ ತಿದ್ದಿ ಹರಡಲು ಅದೇ ಸರಿಯಾದ ಹೊತ್ತು. ಒಣಗಿತೇ ಎಂದು ತಿಳಿಯಲು ಗಿಡವನ್ನು ಕೆನ್ನೆಗೆ ತಾಗಿಸಿ; ತಣ್ಣಗೆನಿಸಿದರೆ ಇನ್ನೂ ನೀರಿದೆ. ಬಿಸಿ ಕೊಡುವುದಾದರೆ 40ರಿಂದ 50 ಡಿಗ್ರಿ ಸಾಕು, ಅದಕ್ಕಿಂತ ಹೆಚ್ಚಾದರೆ ಗಿಡ ಕಂದಾಗಿ ಪುಡಿಯಾಗುತ್ತದೆ. ಪೆಟ್ಟಿಗೆಯೊಳಗೆ ಬಲ್ಬ್ ಉರಿಸುವವರು ಕಾಗದಕ್ಕೂ ಬಲ್ಬಿಗೂ ಒಂದು ಅಡಿ ಅಂತರ ಇಡಿ, ರಾತ್ರಿ ಆರಿಸಿ ಮಲಗಿ.

ಡಿಎನ್‌ಎ ಪರೀಕ್ಷೆಗೆ ಬೇಕಾಗಬಹುದು ಎನಿಸಿದರೆ ಎಳೆಯ ಎಲೆಯ ಎರಡು ಬೆರಳಗಲ ತುಂಡನ್ನು ಟೀ ಪೊಟ್ಟಣದಂಥ ಕಾಗದದಲ್ಲಿ ಹಾಕಿ, ಎಲೆಯ ತೂಕದ ಹತ್ತು ಪಟ್ಟು ಸಿಲಿಕಾ ಜೆಲ್ ಇರುವ ಮುಚ್ಚಿದ ಚೀಲದಲ್ಲಿಡಿ. ಈ ಎಲೆಯನ್ನು ಒತ್ತಿದ ಗಿಡದಿಂದಲೇ ತೆಗೆದಿರಬೇಕು. ಪಕ್ಕದ ಬುಡದ್ದು ನಡೆಯದು.

ಹುಳುವಿನ ಕಾಟಕ್ಕೆ ಹಿಂದೆ ಪಾದರಸದ ಲವಣ ಬಳಿಯುತ್ತಿದ್ದರು. ಅದು ವಿಷ, ಮನೆಗೂ ಶಾಲೆಗೂ ಬೇಡ. ಒಣಗಿದ ಕಟ್ಟನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ ಫ್ರೀಜರ್‌ನಲ್ಲಿ ಮೈನಸ್ 18 ಅಥವಾ 20 ಡಿಗ್ರಿಯಲ್ಲಿ ಒಂದು ವಾರ ಇಡಿ. ಹೊರತೆಗೆದು ಒಂದು ದಿನ ಸುತ್ತು ಬಿಚ್ಚದೆ ಬಿಡಿ, ಇಲ್ಲದಿದ್ದರೆ ತಂಪಿಗೆ ನೀರು ಕೂತು ಬೂಷ್ಟು ಬರುತ್ತದೆ. ರೇಷ್ಮೆ ಸಾಕುವ ಮನೆಯವರು ನ್ಯಾಫ್ತಲೀನ್ ಗುಳಿಗೆ ಹಾಕಿದ ಕಟ್ಟುಗಳನ್ನು ಹುಳುಮನೆಯ ಹತ್ತಿರಕ್ಕೂ ತರಬಾರದು.

ಮಸೂರದ ಕೆಳಗೆ

ಒಂದು ಕಿರುತೆನೆಯನ್ನು ಬಿಸಿನೀರಿಗೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಹಾಕಿ ಐದು ಹತ್ತು ನಿಮಿಷ ನೆನೆಸಿ. ಬಿಳಿ ಪಿಂಗಾಣಿ ತಟ್ಟೆಯ ಮೇಲಿಟ್ಟು ಎರಡು ಸೂಜಿಗಳಿಂದ ಬಿಡಿಸಿ. ಆರು ಪ್ರಶ್ನೆಗಳು, ಇದೇ ಕ್ರಮದಲ್ಲಿ:

1. ಗ್ಲೂಮ್‌ಗಳು ಎರಡು ಸಾಲಾಗಿ ಜೋಡಿಸಿವೆಯೋ, ಸುರುಳಿಯಾಗಿಯೋ?
2. ಶಲಾಕಾಗ್ರ (ಅಂಡಾಶಯದ ಮೇಲಿನ ಕಡ್ಡಿಯ, ಅಂದರೆ ಶಲಾಕೆಯ, ಪರಾಗ ಹಿಡಿಯುವ ತುದಿ) ಎರಡು ಕವಲೋ ಮೂರೋ?
3. ಕಾಳು ಮೂರು ಮುಖದ್ದೋ, ಚಪ್ಪಟೆಯೋ? ಚಪ್ಪಟೆಯಾದರೆ ಕಿರುತೆನೆಯ ನಡುದಿಂಡಿಗೆ ಮುಖ ಮಾಡಿದೆಯೋ, ಅಂಚು ಮಾಡಿದೆಯೋ?
4. ಶಲಾಕೆಯ ಬುಡ ಉಬ್ಬಿದೆಯೇ? ಉಬ್ಬಿದ್ದರೆ ಕಾಳಿನ ಮೇಲೆ ಉಳಿಯುತ್ತದೆಯೋ, ಉದುರುತ್ತದೆಯೋ?
5. ಕಾಳಿನ ಬುಡದಲ್ಲಿ ಬಿರುಗೂದಲು ಇವೆಯೇ?
6. ಬಲಿತಾಗ ಗ್ಲೂಮ್‌ಗಳು ಒಂದೊಂದಾಗಿ ಉದುರುತ್ತವೆಯೋ, ಕಿರುತೆನೆ ಇಡಿಯಾಗಿ ಬೀಳುತ್ತದೆಯೋ?

ಎರಡು ಸಾಲು ಎಂದರೆ ಸೈಪರಸ್ ಬಳಗ. ಸುರುಳಿ, ಜೊತೆಗೆ ಉಬ್ಬಿದ ಶಲಾಕೆಯ ಬುಡ ಪೂರ್ತಿ ಕಳಚಿ ಬಿದ್ದರೆ ಫಿಂಬ್ರಿಸ್ಟೈಲಿಸ್. ಪುಟ್ಟ ಗುಂಡಿಯಂತೆ ಕಾಳಿನ ತಲೆಯ ಮೇಲೆ ಉಳಿದರೆ, ಎಲೆಯೊರೆಯ ಬಾಯಲ್ಲಿ ಉದ್ದ ಬಿಳಿ ಕೂದಲಿದ್ದರೆ ಬಲ್ಬೊಸ್ಟೈಲಿಸ್. ಎಲೆಯಿಲ್ಲದ ದಂಟು, ತುದಿಗೆ ಒಂದೇ ಕಿರುತೆನೆ, ಬಿರುಗೂದಲು, ಕಾಳಿಗೆ ಟೋಪಿಯಂತೆ ಶಲಾಕೆಯ ಬುಡ: ಎಲಿಯೋಕ್ಯಾರಿಸ್. ಎಲೆಯಿಲ್ಲದ ದಂಟಿನ ಬದಿಯಿಂದ ಕಿರುತೆನೆಗಳ ಗೊಂಚಲು ಹೊರಬಂದಂತೆ ಕಂಡರೆ ಸ್ಕೀನೋಪ್ಲೆಕ್ಟಿಯೆಲ್ಲಾ. ಅದು ನಿಜಕ್ಕೂ ಬದಿಯಲ್ಲ; ಗೊಂಚಲ ಮೇಲೆ ಮುಂದುವರಿದಿರುವುದು ದಂಟಲ್ಲ, ದಂಟಿನಂತೆಯೇ ನೆಟ್ಟಗೆ ನಿಂತ ಗೊಂಚಲ ಬುಡದ ಎಲೆ. ನಮ್ಮ ಕೆರೆಗಳ ಸ್ಕೀನೋಪ್ಲೆಕ್ಟಿಯೆಲ್ಲಾ ಆರ್ಟಿಕ್ಯುಲೇಟಾದಲ್ಲಿ ಈ ಎಲೆ ಎಷ್ಟು ಉದ್ದವೆಂದರೆ ಗೊಂಚಲು ಗಿಡದ ಕೆಳಭಾಗದಲ್ಲೇ ಸಿಕ್ಕಿಕೊಂಡಂತೆ ಕಾಣುತ್ತದೆ. ಗಿಡದ ಎತ್ತರ ಬರೆಯುವಾಗ ಇದನ್ನು ದಂಟಿಗೆ ಸೇರಿಸಿಬಿಡುವುದು ತೀರ ಸಾಮಾನ್ಯವಾದ ತಪ್ಪು.

ಮೂಳೆಯಂತೆ ಬೆಳ್ಳಗಿನ ಗಟ್ಟಿ ಕಾಳು ಹೊರಗೇ ಕಂಡರೆ ಸ್ಕ್ಲೀರಿಯಾ. ಇಡೀ ಗಿಡಕ್ಕೆ ರೋಮ, ಕಾಳಿನ ಸುತ್ತ ಮೂರು ಪುಟ್ಟ ದಳದಂಥ ಸಿಪ್ಪೆ ಇದ್ದರೆ ಫ್ಯುರೀನಾ.

ಗದ್ದೆಯ ಜೋಡಿಗಳು ಬೇಗ ಕಲಿಯುವಂಥವು. ಸೈಪರಸ್ ಡಿಫಾರ್ಮಿಸ್‌ನಲ್ಲಿ ಕಿರುತೆನೆಗಳು ಒತ್ತೊತ್ತಾಗಿ ಗುಂಡಗಿನ ಉಂಡೆ ಕಟ್ಟುತ್ತವೆ, ಗ್ಲೂಮ್ ಒಂದು ಮಿಲಿಮೀಟರಿಗಿಂತ ಚಿಕ್ಕದು. ಸೈಪರಸ್ ಇರಿಯಾದಲ್ಲಿ ಹಳದಿ ಕಿರುತೆನೆಗಳು ಸಡಿಲವಾಗಿ ಹರಡಿ, ಗ್ಲೂಮ್ ಸುಮಾರು ಒಂದೂವರೆ ಮಿಲಿಮೀಟರ್, ತುದಿಯಲ್ಲಿ ಸಣ್ಣ ಕಚ್ಚು. ಫಿಂಬ್ರಿಸ್ಟೈಲಿಸ್ ಲಿಟೊರಾಲಿಸ್‌ನ ಎಲೆಗಳು ಬುಡದಲ್ಲಿ ಬೀಸಣಿಗೆಯಂತೆ ಚಪ್ಪಟೆಯಾಗಿ ಜೋಡಿಸಿರುತ್ತವೆ, ಕಿರುತೆನೆ ಗುಂಡಗೆ, ಕಾಳಿನ ಮೇಲೆ ನವಿರಾದ ಗಂಟುಗಳು. ಫಿಂಬ್ರಿಸ್ಟೈಲಿಸ್ ಡೈಕಾಟಮಾದ ಚಪ್ಪಟೆ ಬಿಳಿ ಕಾಳಿನ ಮೇಲೆ ಉದ್ದುದ್ದ ಏಣು, ನಡುವೆ ಅಡ್ಡಗೆರೆಗಳ ಜಾಲಿ. ಇದು 20 ಪಟ್ಟಿನಲ್ಲಿ ಕಾಣುತ್ತದೆ, ಯುಎಸ್‌ಬಿ ಸೂಕ್ಷ್ಮದರ್ಶಕದಲ್ಲಿ ಇನ್ನೂ ಸೊಗಸು. ಕಾಳು ಬಲಿಯದಿದ್ದರೆ ಈ ಗೆರೆಯೂ ಇಲ್ಲ, ಗುರುತೂ ಇಲ್ಲ.

ಪ್ರಭೇದದ ಕೀಲಿಗಳಿಗೆ, ಅಂದರೆ ಒಂದೊಂದೇ ಲಕ್ಷಣ ಕೇಳುತ್ತ ಹೆಸರಿನವರೆಗೆ ಒಯ್ಯುವ ಪ್ರಶ್ನೆಗಳ ಸಾಲಿಗೆ, ಗ್ಯಾಂಬಲ್ ಮತ್ತು ಫಿಷರ್ 1915ರಿಂದ 1936ರ ನಡುವೆ ಹೊರತಂದ ಮದ್ರಾಸ್ ಪ್ರೆಸಿಡೆನ್ಸಿಯ ಸಸ್ಯಸಂಪುಟಗಳು ಈಗಲೂ ಕೆಲಸಕ್ಕೆ ಬರುತ್ತವೆ. ಸಲ್ಡಾನ ಮತ್ತು ನಿಕೋಲ್ಸನ್ 1976ರಲ್ಲಿ ಪ್ರಕಟಿಸಿದ ಹಾಸನ ಜಿಲ್ಲೆಯ ಸಸ್ಯಸಂಪುಟ ನಮಗೆ ಹತ್ತಿರದ್ದು. ಕೀಲಿಯ ಕೊನೆಗೆ ಸಿಕ್ಕ ಹೆಸರನ್ನು ಹಾಗೇ ಬರೆದುಕೊಳ್ಳಬೇಡಿ. ವಿವರಣೆ ಪೂರ್ತಿ ಓದಿ, ನಂತರ ಹರ್ಬೇರಿಯಂನ ಹಾಳೆಯ ಪಕ್ಕದಲ್ಲಿಟ್ಟು ಹೋಲಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಜೆಸಿಬಿ ಹರ್ಬೇರಿಯಂ ಕೋಲಾರದಿಂದ ಒಂದೇ ದಿನದಲ್ಲಿ ಹೋಗಿಬರುವ ದೂರ.

ಹೆಸರು ಏಕೆ ಬದಲಾಗುತ್ತಿರುತ್ತದೆ

ಹಳೆಯ ಪುಸ್ತಕದಲ್ಲಿ ಕಿಲ್ಲಿಂಗಾ ಬ್ರೆವಿಫೋಲಿಯಾ ಎಂದಿರುವುದು ಇಂದಿನ ಜಾಲತಾಣದಲ್ಲಿ ಸೈಪರಸ್ ಬ್ರೆವಿಫೋಲಿಯಸ್. ಇದು ಯಾರದೋ ಹುಚ್ಚಾಟವಲ್ಲ, ಜೇಕುಗಳ ವಿಕಾಸದ ಕಥೆ ಗೊತ್ತಾದಂತೆ ಆದ ತಿದ್ದುಪಡಿ.

ಜೇಕುಗಳು ಹುಲ್ಲಿನ ಗಣವಾದ ಪೋಯೇಲ್ಸ್‌ಗೇ ಸೇರಿದ್ದರೂ ಹುಲ್ಲಿನ ಖಾಸಾ ಒಡಹುಟ್ಟಲ್ಲ. ಅವುಗಳಿಗೆ ತೀರ ಹತ್ತಿರದ್ದು ಜಂಕಸ್ ಎಂಬ ಗಿಡದ ಕುಟುಂಬ. ಜಂಕಸ್ ಹೂವಿನಲ್ಲಿ ಆರು ಸಣ್ಣ ಹೂದಳಗಳು ಇನ್ನೂ ಇವೆ. ಗಾಳಿಯೇ ಪರಾಗ ಒಯ್ಯುವಾಗ ದಳದ ಅಲಂಕಾರದಿಂದ ಉಪಯೋಗವಿಲ್ಲ. ಫ್ಯುರೀನಾದಲ್ಲಿ ಮೂರು ಸಿಪ್ಪೆಯಾಗಿ ಕಾಣುವುದು, ಎಲಿಯೋಕ್ಯಾರಿಸ್‌ನಲ್ಲಿ ಬಿರುಗೂದಲಾಗಿ ಉಳಿದದ್ದು ಅದೇ ದಳಗಳ ಶೇಷ, ಸೈಪರಸ್‌ನಲ್ಲಿ ಪೂರ್ತಿ ಮಾಯ. ಐದನೆಯ ಪ್ರಶ್ನೆಗೆ ಅಷ್ಟು ತೂಕ ಇರುವುದು ಇದಕ್ಕೇ. ಜೇಕಿನ ಪರಾಗವೂ ವಿಚಿತ್ರ: ಕೋಶ ವಿಭಜನೆಯಲ್ಲಿ ಹುಟ್ಟುವ ನಾಲ್ಕರಲ್ಲಿ ಮೂರು ಸತ್ತು ಒಂದೇ ಪರಾಗಕಣವಾಗುತ್ತದೆ. ವರ್ಣತಂತುಗಳಿಗೆ ಒಂದೇ ನಡುಗಂಟು ಇರದೆ ಉದ್ದಕ್ಕೂ ಹಿಡಿತ ಇರುವುದರಿಂದ, ತುಂಡಾದ ತಂತುವೂ ಕೋಶ ವಿಭಜನೆಯಲ್ಲಿ ಕಳೆದುಹೋಗದೆ ಮುಂದಿನ ಪೀಳಿಗೆಗೆ ದಾಟಬಲ್ಲದು. ಹಾಗಾಗಿ ವರ್ಣತಂತುಗಳ ಸಂಖ್ಯೆ ಹತ್ತಿರದ ಪ್ರಭೇದಗಳ ನಡುವೆಯೂ ಏರುಪೇರು. 2,000ಕ್ಕೂ ಹೆಚ್ಚು ಪ್ರಭೇದಗಳಿರುವ ಕೇರೆಕ್ಸ್ ಕುಲ ಇದಕ್ಕೆ ಪ್ರಸಿದ್ಧ ಉದಾಹರಣೆ.

ಬಿಸಿಲುನಾಡಿಗೆ ಹೆಚ್ಚು ಸಂಬಂಧಿಸಿದ್ದು ಸಿ4 ದ್ಯುತಿಸಂಶ್ಲೇಷಣೆ. ಬಿಸಿಲಲ್ಲಿ ಇಂಗಾಲದ ಡೈಆಕ್ಸೈಡನ್ನು ಪೋಲಾಗದಂತೆ ಹಿಡಿಯುವ ಈ ಏರ್ಪಾಡು ಜೇಕುಗಳಲ್ಲಿ ಒಂದೇ ಸಲವಲ್ಲ, ಬೇರೆ ಬೇರೆ ಕವಲುಗಳಲ್ಲಿ ಹಲವು ಸಲ ಹುಟ್ಟಿದೆ. ಒಂದೇ ಗದ್ದೆಯ ಸೈಪರಸ್ ಇರಿಯಾ ಸಿ4, ಅದರ ಪಕ್ಕದ ಸೈಪರಸ್ ಡಿಫಾರ್ಮಿಸ್ ಸಿ3, ಅಂದರೆ ಈ ಏರ್ಪಾಡು ಇಲ್ಲದ್ದು. ಹೊಸ ಬ್ಲೇಡಿನಿಂದ ಎಲೆಯನ್ನು ಅಡ್ಡಲಾಗಿ ತೆಳ್ಳಗೆ ಹೆರೆದು ಕಾಲೇಜಿನ ಸೂಕ್ಷ್ಮದರ್ಶಕದಲ್ಲಿಟ್ಟರೆ ಇರಿಯಾದ ನಾಳಗಳ ಸುತ್ತ ಕಡುಹಸಿರು ಕೋಶಗಳ ಉಂಗುರ ಕಾಣುತ್ತದೆ, ಡಿಫಾರ್ಮಿಸ್‌ನಲ್ಲಿ ಇಲ್ಲ. ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ಇದಕ್ಕಿಂತ ಅಗ್ಗದ ಪ್ರಯೋಗ ಇಲ್ಲ.

ಡಿಎನ್‌ಎ ಆಧಾರದ ವಂಶವೃಕ್ಷ ಬಂದಾಗ ಕಿಲ್ಲಿಂಗಾ, ಪಿಕ್ರಿಯಸ್, ಲೈಪೊಕಾರ್ಫಾ ಎಲ್ಲವೂ ಸೈಪರಸ್‌ನ ಸಿ4 ಕವಲಿನ ಒಳಗೇ ಹುಟ್ಟಿದ ಕೊಂಬೆಗಳೆಂದು ಕಂಡಿತು. ಮಗನ ಸಂಸಾರವನ್ನು ಬೇರೆ ಮನೆತನ ಎಂದು ಬರೆದರೆ ವಂಶಾವಳಿ ಕೆಡುವ ಹಾಗೆ, ಅವನ್ನು ಬೇರೆ ಕುಲವಾಗಿ ಉಳಿಸಿಕೊಂಡರೆ ಸೈಪರಸ್ ಅರೆಬರೆ ಗುಂಪಾಗುತ್ತದೆ. ಅದಕ್ಕೇ ಒಳಸೇರಿಸಿದರು, ಈಗ ಸೈಪರಸ್‌ನಲ್ಲಿ ಸುಮಾರು 950 ಪ್ರಭೇದ. ಕೆರೆಯಂಗಳದ ಆರ್ಟಿಕ್ಯುಲೇಟಾ ಇನ್ನೊಂದು ಬಗೆ: 1753ರಲ್ಲಿ ಲಿನೇಯಸ್ ಅದನ್ನು ಸ್ಕಿರ್ಪಸ್ ಎಂದ, ಆಮೇಲೆ ಸ್ಕೀನೋಪ್ಲೆಕ್ಟಸ್ ಆಯಿತು, 2003ರಲ್ಲಿ ಸ್ಕೀನೋಪ್ಲೆಕ್ಟಿಯೆಲ್ಲಾ ಕುಲ ಹುಟ್ಟಿದ ಮೇಲೆ ಅಲ್ಲಿಗೆ ಹೋಯಿತು.

ನಮ್ಮ ಸಲಹೆ: ಗುರುತಿಸುವಾಗ ಹಳೆಯ ಕುಲಗಳನ್ನೇ ಬಳಸಿ, ಅವು ಕಣ್ಣಿಗೆ ಕಾಣುವ ಲಕ್ಷಣಗಳ ಮೇಲೆ ನಿಂತಿವೆ. ಎರಡು ಕವಲಿನ ಶಲಾಕಾಗ್ರ, ಅಂಚು ದಿಂಡಿನ ಕಡೆಗಿರುವ ಚಪ್ಪಟೆ ಕಾಳು, ಒಂದೊಂದಾಗಿ ಉದುರುವ ಗ್ಲೂಮ್ ಎಂದರೆ ಪಿಕ್ರಿಯಸ್. ಅದೇ ಕಾಳು, ಆದರೆ ಒಂದೆರಡು ಹೂವಿನ ಕಿರುತೆನೆ ಇಡಿಯಾಗಿ ಬೀಳುವ ಗುಂಡು ಮಂಡೆ ಎಂದರೆ ಕಿಲ್ಲಿಂಗಾ. ಚೀಟಿಯಲ್ಲಿ ಇಂದಿನ ಹೆಸರು ಬರೆದು ಕೆಳಗೆ ಹಳೆಯದನ್ನೂ ನಮೂದಿಸಿ, ಎರಡರಲ್ಲಿ ಯಾವುದನ್ನು ಹುಡುಕಿದವರಿಗೂ ಸಿಗಲಿ.

ಹಾಳೆ, ಚೀಟಿ, ಕಂಪ್ಯೂಟರ್

ಆಮ್ಲರಹಿತ ದಪ್ಪ ಕಾಗದ, ಸುಮಾರು 28×42 ಸೆಂ.ಮೀ. ಬುಡ ಕೆಳಕ್ಕೆ ಬರುವಂತೆ ಇಟ್ಟು ತೆಳುವಾಗಿ ಅಂಟು ಹಚ್ಚಿ. ದಪ್ಪ ದಂಟು, ಗಡ್ಡೆಗಳನ್ನು ಬಿಳಿ ದಾರದಿಂದ ಹೊಲಿಯಿರಿ. ಸೆಲ್ಲೋಟೇಪ್ ಎರಡು ವರ್ಷಕ್ಕೆ ಹಳದಿಯಾಗಿ ಬಿಟ್ಟುಕೊಳ್ಳುತ್ತದೆ, ಮುಟ್ಟಬೇಡಿ. ಒಂದೆರಡು ಕಿರುತೆನೆಗಳನ್ನು ಅಂಟಿಸದೆ ಬಿಡಿ. ಉದುರಿದ ಕಾಳುಗಳನ್ನು ಮಡಿಸಿದ ಕಾಗದದ ಪೊಟ್ಟಣದಲ್ಲಿಟ್ಟು ಮೇಲಿನ ಮೂಲೆಗೆ ಅಂಟಿಸಿ. ಮುಂದೆ ನೋಡುವವರು ಗಿಡ ಮುಟ್ಟದೆ ಪೊಟ್ಟಣ ಬಿಚ್ಚಿ ನೋಡಬಹುದು. ಚೀಟಿಗೆ ಬಲಗಡೆಯ ಕೆಳಮೂಲೆ. ಅದರ ಮೇಲೆ 'ಕೆರೆ ಹತ್ತಿರ' ಎಂದಷ್ಟೇ ಬರೆದರೆ ಏನೂ ಬರೆಯದಂತೆಯೇ. 'ಕೋಡಿಯಿಂದ 60 ಮೀ. ಪೂರ್ವಕ್ಕೆ, ನೀರಂಚಿನಿಂದ 5 ಮೀ. ಹೊರಗೆ, ಬಿರುಕುಬಿಟ್ಟ ಕಪ್ಪು ಗೋಡುಮಣ್ಣು, ಹೇರಳ' ಎಂದಿದ್ದರೆ ಇಪ್ಪತ್ತು ವರ್ಷದ ನಂತರವೂ ಯಾರಾದರೂ ಅಲ್ಲೇ ಹೋಗಿ ನಿಲ್ಲಬಹುದು.

ಕಂಪ್ಯೂಟರ್ ಪಟ್ಟಿಯಲ್ಲಿ ಒಂದು ಸಾಲಿಗೆ ಒಂದು ಮಾದರಿ. ಅಂಕಣಗಳಿಗೆ ಜಗತ್ತಿನ ಹರ್ಬೇರಿಯಂಗಳು ಬಳಸುವ ಡಾರ್ವಿನ್ ಕೋರ್ ಶಿರೋನಾಮೆಗಳನ್ನೇ ಕೊಟ್ಟರೆ ಮುಂದೆ ಬೇರೆ ಪಟ್ಟಿಗಳ ಜೊತೆ ಸೇರಿಸುವುದು ಸುಲಭ. ಅಕ್ಷಾಂಶ, ರೇಖಾಂಶ ದಶಮಾಂಶ ಡಿಗ್ರಿಯಲ್ಲಿ, ಜೊತೆಗೆ ಎಷ್ಟು ಮೀಟರ್ ಹೆಚ್ಚುಕಡಿಮೆ ಎಂಬ ಅಂಕಿ. ಕೋಲಾರ ಸುಮಾರು 13 ಡಿಗ್ರಿ ಉತ್ತರ, 78 ಡಿಗ್ರಿ ಪೂರ್ವದಲ್ಲಿದೆ. ಎರಡು ಅಂಕಣ ಅದಲುಬದಲಾದರೆ ನಿಮ್ಮ ಕೊನ್ನಾರಿ ಉತ್ತರ ಧ್ರುವದ ದಾರಿಯಲ್ಲಿರುವ ಸ್ವಾಲ್ಬಾರ್ಡ್ ದ್ವೀಪಗಳ ಬಳಿ ಬೆಳೆದಂತಾಗುತ್ತದೆ. ಪಟ್ಟಿ ಮುಗಿದ ಮೇಲೆ ಎಲ್ಲ ಬಿಂದುಗಳನ್ನೂ ಒಮ್ಮೆ ನಕ್ಷೆಯ ಮೇಲೆ ಹಾಕಿ ನೋಡಿ. ಫೋಟೋ ಕಡತಕ್ಕೆ ಮಾದರಿ ಸಂಖ್ಯೆಯನ್ನೇ ಹೆಸರಾಗಿ ಇಡಿ. ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಅಥವಾ ಐನ್ಯಾಚುರಲಿಸ್ಟ್‌ಗೆ ಹಾಕುವಾಗ ಒತ್ತಿದ ಮಾದರಿ ಎಲ್ಲಿದೆ ಎಂದು ಬರೆಯಿರಿ. ಕಾಳು ಕಾಣದ ಜೇಕಿನ ಫೋಟೋಗೆ ಯಾರಾದರೂ ಥಟ್ಟನೆ ಪ್ರಭೇದದ ಹೆಸರು ಹೇಳಿದರೆ ಒಪ್ಪುವ ಮೊದಲು ಯಾವ ಲಕ್ಷಣದಿಂದ ಎಂದು ಕೇಳಿ.

ಗುರುತು ಪ್ರಭೇದದವರೆಗೆ ಹೋಗದಿದ್ದರೆ ಕುಲಕ್ಕೇ ನಿಲ್ಲಿಸಿ. 'ಫಿಂಬ್ರಿಸ್ಟೈಲಿಸ್, ಪ್ರಭೇದ ತಿಳಿಯದು' ಎಂಬ ಚೀಟಿಯಲ್ಲಿ ನಾಚಿಕೆಯ ಮಾತಿಲ್ಲ, ಊಹೆಯಿಂದ ಬರೆದ ಪೂರ್ತಿ ಹೆಸರಿಗಿಂತ ಅದು ಎಷ್ಟೋ ಮೇಲು. ಮುಂದೆ ನೀವೇ ಆಗಲಿ ಬೇರೆಯವರೇ ಆಗಲಿ ಸರಿಯಾದ ಹೆಸರು ಕಂಡುಕೊಂಡಾಗ ಹಳೆಯ ಚೀಟಿಯನ್ನು ಕೀಳಬಾರದು, ಅದರ ಮೇಲೆ ಗೀಚಲೂಬಾರದು. ಹೊಸ ಹೆಸರು, ಗುರುತಿಸಿದವರ ಹೆಸರು, ದಿನಾಂಕ ಬರೆದ ಚಿಕ್ಕ ಚೀಟಿಯನ್ನು ಹಳೆಯದರ ಮೇಲ್ಗಡೆ ಖಾಲಿ ಜಾಗದಲ್ಲಿ ಅಂಟಿಸಿ, ಅದೇ ಸಂಖ್ಯೆಯ ಇನ್ನೆರಡು ಹಾಳೆಗಳು ಹೋಗಿರುವ ಹರ್ಬೇರಿಯಂಗೂ ತಜ್ಞರಿಗೂ ಒಂದು ಕಾಗದ ಬರೆದು ತಿಳಿಸಿ.